ಕಾರಿಗೆ ಫ್ಯೂಯೆಲ್ ಪ್ರೆಶರ್ ಗೇಜ್ ಕೂರಿಸುವುದು: ಘಾಟಿ ಹತ್ತುವಾಗಲೂ ಕಾಣುವ ಹಾಗೆ

ಕುಮಟಾದಿಂದ ಶಿರಸಿಗೆ ಬರುವಾಗ ಕತಗಾಲ ದಾಟುವ ತನಕ ನನ್ನ ಕಾರು ಕುದುರೆ. ದೇವಿಮನೆ ಘಾಟಿಯ ನಾಲ್ಕು ತಿರುವು ಹತ್ತಿದ ಮೇಲೆ ಮುದಿ ಎತ್ತು. ಎಕ್ಸಿಲರೇಟರ್ ತುಳಿದಷ್ಟೂ ಉಬ್ಬಸ, ಹಿಂದಿನ ಟ್ಯಾಂಕರ್‌ನವನ ಹಾರ್ನು, ನನ್ನ ಮೈ ಬೆವರು. 2004ರ ಪೆಟ್ರೋಲ್ ಕಾರು, 1.3 ಲೀಟರ್ ಇಂಜಿನ್. ಸ್ಪಾರ್ಕ್ ಪ್ಲಗ್ ಬದಲಾಯಿತು, ಇಗ್ನಿಷನ್ ಕಾಯಿಲ್ ಬದಲಾಯಿತು, ಒಂದು ಸೆನ್ಸರ್ ಕೂಡ ಬದಲಾಯಿತು. ಕೊನೆಗೆ ಗ್ಯಾರೇಜಿನಲ್ಲಿ, ಇಂಜಿನ್ನಿಗೆ ಪೆಟ್ರೋಲ್ ಎಷ್ಟು ಒತ್ತಡದಲ್ಲಿ ಬರುತ್ತಿದೆ ಅಂತ ಪ್ರೆಶರ್ ಗೇಜ್ ಹಚ್ಚಿ ನೋಡಿದರು. ಇಂಜಿನ್ ಸುಮ್ಮನೆ ಓಡುತ್ತಿರುವಾಗ, ಅಂದರೆ ಐಡಲ್‌ನಲ್ಲಿ, 2.4 ಬಾರ್ (ಒತ್ತಡದ ಅಳತೆ). 'ಪ್ರೆಶರ್ ಸರಿ ಇದೆ ಮಾರಾಯ್ರೇ, ಪಂಪಿಂದಲ್ಲ' ಅಂದರು.

ಅವರು ಸುಳ್ಳು ಹೇಳಲಿಲ್ಲ. ಶೆಡ್ಡಿನಲ್ಲಿ ನಿಂತ ಕಾರಿಗೆ ಪ್ರೆಶರ್ ಸರಿಯೇ ಇತ್ತು. ಇಂಥ ಇಂಜಿನ್ ಐಡಲ್‌ನಲ್ಲಿ ಗಂಟೆಗೆ ಒಂದು ಲೀಟರಿಗಿಂತ ಕಡಿಮೆ ಪೆಟ್ರೋಲ್ ಕುಡಿಯುತ್ತದೆ. ಘಾಟಿಯಲ್ಲಿ ಪೂರ್ತಿ ತುಳಿದರೆ ಅದರ ಹತ್ತು ಪಟ್ಟಿಗೂ ಜಾಸ್ತಿ ಬೇಕು. ಅರ್ಧ ಕಟ್ಟಿಕೊಂಡ ಫಿಲ್ಟರ್ ಆದರೂ ಐಡಲ್‌ಗೆ ಬೇಕಾದಷ್ಟು ಕೊಡುತ್ತದೆ, ಅಲ್ವಾ? ಹಾಗಾಗಿ ರೋಗ ಘಾಟಿಯಲ್ಲಿದ್ದರೆ ಗೇಜೂ ಘಾಟಿಯಲ್ಲೇ ಕಣ್ಣೆದುರು ಇರಬೇಕು. ಬಾನೆಟ್ ಒಳಗೆ ನೇತಾಡುವ ಗೇಜ್ ಉಪಯೋಗಕ್ಕಿಲ್ಲ. ಡ್ಯಾಶ್‌ಬೋರ್ಡಿನಲ್ಲಿ ಕಾಯಂ ಆಗಿ ಕೂರುವ ಗೇಜ್ ಬೇಕು. ಅದನ್ನು ಹೇಗೆ ಕೂರಿಸಿದೆ ಅಂತ ಇಲ್ಲಿ ಬರೆಯುತ್ತಿದ್ದೇನೆ, ಮಾಡಿದ ತಪ್ಪುಗಳ ಸಮೇತ.

ಮೊದಲು, ಯಾವ ಕಾರಿಗೆ ಇದು ಬೇಡ

ಡೀಸೆಲ್ ಸಿಆರ್‌ಡಿಐ ಕಾರಿನ ಕಾಮನ್ ರೈಲಿಗೆ ಕೈ ಹಾಕಬೇಡಿ (ರೈಲ್ ಅಂದರೆ, ಇಂಧನ ಚಿಮ್ಮಿಸುವ ಇಂಜೆಕ್ಟರುಗಳಿಗೆ ಅದನ್ನು ಹಂಚುವ ಪೈಪ್). ಅಲ್ಲಿ 1,600 ಬಾರ್ ಮತ್ತು ಅದಕ್ಕೂ ಜಾಸ್ತಿ ಒತ್ತಡ ಇರುತ್ತದೆ, ಸೂಜಿಮೊನೆಯಷ್ಟು ಸೋರಿದರೂ ಎಣ್ಣೆ ಚರ್ಮ ತೂರಿ ಒಳಗೆ ಹೋಗುತ್ತದೆ. ಡೈರೆಕ್ಟ್ ಇಂಜೆಕ್ಷನ್ (ನೇರ ಸಿಲಿಂಡರಿನ ಒಳಗೇ ಚಿಮ್ಮಿಸುವ) ಪೆಟ್ರೋಲ್ ಕಾರುಗಳ ರೈಲಿನಲ್ಲೂ ನೂರು ಬಾರ್ ದಾಟುತ್ತದೆ, ಅದೂ ಬೇಡ. ವಾರಂಟಿ ಇರುವ ಹೊಸ ಕಾರಿಗೂ ಬೇಡ. ಈ ಮಾರ್ಗದರ್ಶಿ ಮಾಮೂಲಿ ಎಂಪಿಎಫ್‌ಐ (ಸಿಲಿಂಡರಿನ ಹೊರಗೆ, ಗಾಳಿ ಬರುವ ದಾರಿಯಲ್ಲಿ ಪೆಟ್ರೋಲ್ ಚಿಮ್ಮಿಸುವ) ಕಾರುಗಳಿಗೆ ಮಾತ್ರ.

ಅದರಲ್ಲೂ ಎರಡು ಜಾತಿ ಇದೆ. ಹಳೆಯ ಕಾರುಗಳಲ್ಲಿ ಇಂಜಿನ್ ಹತ್ತಿರ ಎರಡು ಪೈಪ್ ಬರುತ್ತವೆ. ಒಂದು ಪೆಟ್ರೋಲ್ ತರುವ ಫೀಡ್, ಇನ್ನೊಂದು ಉಳಿದದ್ದನ್ನು ಟ್ಯಾಂಕಿಗೆ ಒಯ್ಯುವ ರಿಟರ್ನ್. ರೈಲಿನ ತುದಿಯಲ್ಲಿ ಒತ್ತಡವನ್ನು ಹತೋಟಿಯಲ್ಲಿಡುವ ತಟ್ಟೆಯಂಥ ರೆಗ್ಯುಲೇಟರ್ ಇದ್ದು, ಅದರ ತಲೆಗೆ ಇಂಜಿನ್ನಿನ ಗಾಳಿ ದಾರಿಯಿಂದ ಬರುವ ಸಣ್ಣ ವ್ಯಾಕ್ಯೂಮ್ ಪೈಪ್ ಇರುತ್ತದೆ. ಹೊಸ ಕಾರುಗಳಲ್ಲಿ ರಿಟರ್ನ್ ಇಲ್ಲ, ರೆಗ್ಯುಲೇಟರ್ ಟ್ಯಾಂಕಿನ ಒಳಗೇ ಇರುತ್ತದೆ. ನಿಮ್ಮದು ಯಾವ ಜಾತಿ ಅಂತ ಮೊದಲೇ ತಿಳಿದುಕೊಳ್ಳಿ, ಯಾಕಂದರೆ ಆಮೇಲೆ ಮುಳ್ಳು ಓದುವ ರೀತಿಯೇ ಬೇರೆ.

ಸಾಮಾನು ಕೊಳ್ಳುವಾಗ

ಗೇಜ್ ಎರಡು ಥರ ಸಿಗುತ್ತದೆ. ಮೆಕ್ಯಾನಿಕಲ್ ಗೇಜ್‌ನ ಒಳಗೇ ಪೆಟ್ರೋಲ್ ಬರುತ್ತದೆ. ಅಗ್ಗ, ನಂಬಿಕಸ್ಥ, ಆದರೆ ಅದನ್ನು ಡ್ಯಾಶ್‌ಬೋರ್ಡಿಗೆ ಹಾಕುವುದು ಅಂದರೆ ಒತ್ತಡದಲ್ಲಿರುವ ಪೆಟ್ರೋಲ್ ಪೈಪನ್ನು ನಿಮ್ಮ ಮೊಣಕಾಲಿನ ಹತ್ತಿರ ತಂದ ಹಾಗೆ. ಯಾರು ಎಷ್ಟೇ ಧೈರ್ಯ ಹೇಳಿದರೂ ಮಾಡಬೇಡಿ. ಅದು ಬಾನೆಟ್ ಒಳಗಿನ ತಪಾಸಣೆಗೆ ಸರಿ. ಗ್ಲಿಸರಿನ್ ತುಂಬಿದ್ದಾದರೆ ಇನ್ನೊಂದು ತಕರಾರು: ಇಂಜಿನ್ ಶಾಖಕ್ಕೆ ಡಬ್ಬಿಯೊಳಗೆ ಒತ್ತಡ ಏರಿ, ಮುಳ್ಳು ನಿಜಕ್ಕಿಂತ ಕಡಿಮೆ ತೋರಿಸುತ್ತದೆ.

ನಮಗೆ ಬೇಕಾದ್ದು ಎಲೆಕ್ಟ್ರಿಕ್. ಸೆನ್ಸರ್ (ಅಂಗಡಿಯವರು ಸೆಂಡರ್ ಅಂತಲೂ ಹೇಳುತ್ತಾರೆ) ಬಾನೆಟ್ ಒಳಗೆ, ಗೇಜ್ ಕ್ಯಾಬಿನ್ ಒಳಗೆ, ನಡುವೆ ಬರೀ ವೈರ್. ಇಂಜೆಕ್ಷನ್ ಕಾರಿಗೆ 0ರಿಂದ 7 ಬಾರ್, ಅಂದರೆ ಸುಮಾರು 100 ಪಿಎಸ್‌ಐ ಅಳತೆಯದ್ದು ಸರಿ. ಕಾರ್ಬುರೇಟರ್ ಕಾರಿನದ್ದು 0ರಿಂದ 15 ಪಿಎಸ್‌ಐ, ಅದನ್ನು ತಂದರೆ ಮೊದಲ ದಿನವೇ ಮುಳ್ಳು ಗೋಡೆಗೆ ಹೊಡೆದು ನಿಲ್ಲುತ್ತದೆ. ಲೆಕ್ಕಕ್ಕೆ ನೆನಪಿರಲಿ: 1 ಬಾರ್ ಅಂದರೆ 14.5 ಪಿಎಸ್‌ಐ. ಪೆಟ್ಟಿಗೆಯ ಮೇಲೆ 'ಫ್ಯೂಯೆಲ್' ಅಂತ ಬರೆದಿರಬೇಕು. ಆಯಿಲ್ ಪ್ರೆಶರಿನ ಸೆನ್ಸರ್ ಒಳಗಿನ ರಬ್ಬರ್ ಪೆಟ್ರೋಲಿಗೆ ತಡೆಯದೆ ಇರಬಹುದು.

ಹೋಸ್ ವಿಷಯಕ್ಕೆ ಬಂದರೆ, ಇಲ್ಲಿ ಚೌಕಾಸಿ ಬೇಡ. ಮೈಮೇಲೆ ಎಸ್‌ಎಇ ಜೆ30ಆರ್9 ಅಂತ ಅಚ್ಚಾಗಿರುವುದೇ ಬೇಕು. ಆರ್6, ಆರ್7 ಅಂತಿದ್ದರೆ ಅದು ಕಡಿಮೆ ಒತ್ತಡದ್ದು, ಕಾರ್ಬುರೇಟರ್ ಕಾಲದ್ದು. ನೋಡಲು ಎಲ್ಲವೂ ಕರಿ ರಬ್ಬರೇ. ನಾನು ಮೊದಲ ಸಲ ತಂದ ಹೋಸಿನ ಮೇಲೆ ಏನೂ ಬರೆದಿರಲಿಲ್ಲ, 'ಪೆಟ್ರೋಲ್ ಪೈಪೇ ಅದು' ಅಂತ ಕೊಟ್ಟಿದ್ದರು, ಎರಡು ತಿಂಗಳಿಗೆ ಬೆರಳಲ್ಲಿ ಒತ್ತಿದರೆ ಕರಿ ಮಸಿ ಹತ್ತತೊಡಗಿತು. ಈಗ ಬಂಕಿನಲ್ಲಿ ಬರುವ ಪೆಟ್ರೋಲಿನಲ್ಲಿ ಎಥೆನಾಲ್ ಶೇ. 20ರವರೆಗೂ ಇದೆ, ಹಳೆಯ ಮಾಮೂಲಿ ರಬ್ಬರಿಗೆ ಅದು ಒಗ್ಗುವುದಿಲ್ಲ. ನಿಮ್ಮ ಹಳೆ ಹೋಸಿನ ಒಳ ಅಳತೆಯನ್ನು ವರ್ನಿಯರ್ ಹಿಡಿದು ನೋಡಿ. ನನ್ನದರಲ್ಲಿ 8 ಮಿ.ಮೀ. ಇತ್ತು.

ಕ್ಲ್ಯಾಂಪು ಸಾದಾ ತೂತಿನ ಪಟ್ಟಿಯದ್ದು ಬೇಡ, ಅದು ಬಿಗಿ ಮಾಡಿದಾಗ ರಬ್ಬರನ್ನು ಕಚ್ಚಿ ಸೀಳುತ್ತದೆ. ನುಣುಪಾದ ಪಟ್ಟಿ, ಅಂಚು ಮೇಲಕ್ಕೆ ಮಡಚಿದ, ನಟ್ಟು-ಬೋಲ್ಟಿನ ಇಂಜೆಕ್ಷನ್ ಕ್ಲ್ಯಾಂಪ್ ತನ್ನಿ. ಕಾರವಾರ, ಅಂಕೋಲಾ, ಹೊನ್ನಾವರ ಕಡೆಯವರು ಸ್ಟೇನ್‌ಲೆಸ್‌ ಅಂತಲೇ ಕೇಳಿ ತೆಗೆದುಕೊಳ್ಳಿ. ಸಮುದ್ರದ ಉಪ್ಪುಗಾಳಿಗೆ ಬೆಳ್ಳಗೆ ಲೇಪ ಹಾಕಿದ ಕಬ್ಬಿಣ ಒಂದು ಮಳೆಗಾಲವೂ ನಿಲ್ಲುವುದಿಲ್ಲ.

ಇನ್ನು ಟೀ ಜಾಯಿಂಟ್, ಅಂದರೆ ಫೀಡ್ ಹೋಸಿನ ನಡುವೆ ಕೂತು ಸೆನ್ಸರಿಗೆ ಒಂದು ಕವಲು ಕೊಡುವ, ಇಂಗ್ಲಿಷ್ T ಆಕಾರದ ತುಂಡು. ಎರಡೂ ಕಡೆ 8 ಮಿ.ಮೀ. ಹೋಸ್ ಏರುವ, ತುದಿಯಲ್ಲಿ ಉಬ್ಬು ಇರುವ ಮೂತಿ, ನಡುವೆ ಸೆನ್ಸರಿಗೆ ಥ್ರೆಡ್. ಹಿತ್ತಾಳೆ ಅಥವಾ ಅಲ್ಯೂಮಿನಿಯಂ ಆಗಬೇಕು. ತೋಟದ ಸ್ಪ್ರಿಂಕ್ಲರಿನ ಟೀ, ಕಂಪ್ರೆಸರಿನ ಪ್ಲಾಸ್ಟಿಕ್ ಟೀ, ಇವೆಲ್ಲ ಮನೆಯಲ್ಲಿ ಬಿದ್ದಿರುತ್ತವೆ ಅಂತ ಕೈ ಹಾಕಬೇಡಿ. ಥ್ರೆಡ್ಡಿನಲ್ಲಿ ಒಂದು ಮೋಸ ಇದೆ, ಎನ್‌ಪಿಟಿ ಮತ್ತು ಬಿಎಸ್‌ಪಿ ಅಂತ ಎರಡು ಜಾತಿ. 1/8 ಇಂಚಿನ ಎನ್‌ಪಿಟಿಗೆ ಇಂಚಿಗೆ 27 ಸುತ್ತು, 1/8 ಇಂಚಿನ ಬಿಎಸ್‌ಪಿಗೆ 28. ಒಂದಕ್ಕೊಂದು ಎರಡು ಸುತ್ತು ಚೆನ್ನಾಗಿ ಏರುತ್ತವೆ, ಆಮೇಲೆ ಬಿಗಿಯಾಗುತ್ತದೆ, 'ಆಯ್ತು' ಅನ್ನಿಸುತ್ತದೆ, ಆದರೆ ಸೋರುತ್ತದೆ. ಸೆನ್ಸರ್ ಯಾವುದೋ ಟೀಯೂ ಅದೇ ಆಗಿರಲಿ.

ಇವುಗಳ ಜೊತೆ ಒಂದು ಅಡಿ ಉದ್ದದ ಸ್ಟೀಲ್ ಹೆಣೆದ ಪೆಟ್ರೋಲ್ ಹೋಸ್, ಪೆಟ್ರೋಲ್ ತಡೆಯುವ ದ್ರವ ಸೀಲಂಟ್, 3 ಆಂಪಿಯರ್ ಫ್ಯೂಸ್ ಇರುವ ಫ್ಯೂಸ್ ಟ್ಯಾಪ್ (ಫ್ಯೂಸ್ ಬಾಕ್ಸಿನಿಂದ ಕರೆಂಟು ತೆಗೆಯುವ ತುಂಡು), ವೈರಿಗೆ ಹಾಕುವ ಸ್ಲೀವ್, ಮಲ್ಟಿಮೀಟರ್, ಕನ್ನಡಕ. ಮತ್ತೆ ಒಂದು ಎಬಿಸಿ ಪೌಡರ್ ಅಗ್ನಿಶಾಮಕ ಸಿಲಿಂಡರ್, ಕೈಗೆ ಸಿಗುವಲ್ಲಿ.

ಜಾಗ ಮತ್ತು ಹೊತ್ತು

ನಮ್ಮ ಮನೆಯಲ್ಲಿ ಕಾರು ನಿಲ್ಲಿಸುವ ಮಾಡು ಬಚ್ಚಲಿಗೆ ತಾಗಿಯೇ ಇದೆ. ಮೊದಲ ಸಲ ಅಲ್ಲೇ ಕೆಲಸ ಶುರು ಮಾಡಿದ್ದೆ. ಹೋಸ್ ಬಿಚ್ಚಿ ಒಂದು ಲೋಟದಷ್ಟು ಪೆಟ್ರೋಲ್ ನೆಲಕ್ಕೆ ಬಿದ್ದಿತ್ತು. ಒಳಗಿಂದ ಆಯಿ ಕೂಗಿದಳು: 'ತಮಾ, ಪೆಟ್ರೋಲ್ ವಾಸನೆ ಬತ್ತಾ ಇದ್ದಲೋ!' ಅವಳು ಆಗಷ್ಟೇ ಬಚ್ಚಲೊಲೆಗೆ ಅಡಿಕೆ ಸಿಪ್ಪೆ ತುಂಬಿ ಬೆಂಕಿ ಹಾಕಲು ಹೊರಟಿದ್ದಳು. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ನೆಲದ ಮೇಲೆ ತೆವಳಿಕೊಂಡು ಹೋಗಿ ಬೆಂಕಿ ಎಲ್ಲಿದೆಯೋ ಅಲ್ಲಿಗೆ ಮುಟ್ಟುತ್ತದೆ. ಅವತ್ತಿನ ನಂತರ ಈ ಕೆಲಸ ಅಂಗಳದಲ್ಲೇ, ಬಚ್ಚಲೊಲೆ ಆರಿದ ಮೇಲೆಯೇ. ಇಂಜಿನ್ ಪೂರ್ತಿ ತಣಿದಿರಬೇಕು. ಹಾಗಾಗಿ ಬೆಳಿಗ್ಗೆ ಒಳ್ಳೇದು.

ಒತ್ತಡ ಇಳಿಸುವುದು

ಇಂಜಿನ್ ಬಂದ್ ಆದ ಮೇಲೂ ಲೈನಿನಲ್ಲಿ ಎರಡು ಬಾರ್ ಅಥವಾ ಅದಕ್ಕೂ ಜಾಸ್ತಿ ಒತ್ತಡ ಉಳಿದಿರಬಹುದು. ನೇರ ಹೋಸ್ ಬಿಚ್ಚಿದರೆ ಮುಖಕ್ಕೆ ಕಾರಂಜಿ. ಫ್ಯೂಯೆಲ್ ಪಂಪಿನ ಫ್ಯೂಸ್ ಅಥವಾ ರಿಲೇ ತೆಗೆಯಿರಿ, ಕಳೆಯದ ಹಾಗೆ ಸಣ್ಣ ಕೊಟ್ಟೆಯಲ್ಲಿ ಹಾಕಿ ಸೀಟಿನ ಮೇಲಿಡಿ. ಇಂಜಿನ್ ಸ್ಟಾರ್ಟ್ ಮಾಡಿ. ಸ್ವಲ್ಪ ಹೊತ್ತು ಓಡಿ ತಾನೇ ಕೆಮ್ಮಿ ನಿಲ್ಲುತ್ತದೆ. ಇನ್ನೆರಡು ಮೂರು ಸಲ ಸೆಲ್ಫ್ ಹೊಡೆಯಿರಿ. ಇಷ್ಟಕ್ಕೇ ಇಂಜಿನ್ ಬಿಸಿ ಅನ್ನಿಸಿದರೆ ತಣಿಯಲು ಬಿಡಿ, ಅವಸರ ಏನಿಲ್ಲ. ಟ್ಯಾಂಕಿನ ಮುಚ್ಚಳ ಒಮ್ಮೆ ತೆರೆದು ಮುಚ್ಚಿ. ಆಮೇಲೆ ಬ್ಯಾಟರಿಯ ನೆಗೆಟಿವ್ ಬಿಚ್ಚಿ.

ಟೀ ಕೂರಿಸುವುದು

ಫೀಡ್ ಹೋಸ್ ಹುಡುಕಿ. ರೆಗ್ಯುಲೇಟರಿಗೆ ಸೇರಿರುವುದು ರಿಟರ್ನ್, ಅದಲ್ಲ. ಫಿಲ್ಟರ್ ಕಡೆಯಿಂದ ಬಂದು ರೈಲಿಗೆ ಸೇರುವುದು ಫೀಡ್. ಟೀ ಫಿಲ್ಟರ್ ಆದ ಮೇಲೆ, ರೈಲಿಗೆ ಮೊದಲು ಬರಬೇಕು. ಫಿಲ್ಟರಿಗೂ ಮೊದಲು ಹಾಕಿದರೆ ಫಿಲ್ಟರ್ ಕಟ್ಟಿದ್ದು ಗೊತ್ತೇ ಆಗುವುದಿಲ್ಲ, ಮುಳ್ಳು ಖುಷಿಯಾಗಿ ಮೇಲೇ ನಿಂತಿರುತ್ತದೆ.

ಮೊದಲು ಆ ಜಾಗದ ಧೂಳು ಒರೆಸಿ. ಮರಳಿನ ಒಂದು ಕಣ ಒಳಗೆ ಹೋದರೂ ಇಂಜೆಕ್ಟರಿಗೆ ಹೋಗಿ ಕೂರುತ್ತದೆ. ಜಾಯಿಂಟಿಗೆ ದಪ್ಪ ಬಟ್ಟೆ ಸುತ್ತಿ, ಕನ್ನಡಕ ಹಾಕಿ, ಕ್ಲ್ಯಾಂಪ್ ಸಡಿಲಿಸಿ ಹೋಸನ್ನು ತಿರುಚಿ ಎಳೆಯಿರಿ. ಬರದಿದ್ದರೆ ಸ್ಕ್ರೂಡ್ರೈವರ್ ತೂರಿಸಿ ಮೀಟಬೇಡಿ, ಲೋಹದ ಮೂತಿಗೆ ಗೀರು ಬಿದ್ದರೆ ಅದು ಜನ್ಮಕ್ಕೆ ಸೋರುತ್ತದೆ. ಹೇಗೂ ಹೊಸ ಹೋಸ್ ಹಾಕುವವರಲ್ವಾ? ಹಳೆಯದನ್ನು ಬ್ಲೇಡಿನಲ್ಲಿ ಉದ್ದಕ್ಕೆ ಸೀಳಿ ತೆಗೆಯಿರಿ. ಸೀಳುವಾಗಲೂ ಬ್ಲೇಡು ಲೋಹಕ್ಕೆ ತಾಗದಿರಲಿ.

ಹೊಸ ಹೋಸನ್ನು ಎರಡು ತುಂಡು ಮಾಡಿ. ಟೀ ಸೇರಿದ ಮೇಲೆ ಒಟ್ಟು ಉದ್ದ ಹಳೆಯದಕ್ಕಿಂತ ಒಂದು ಬೆರಳು ಜಾಸ್ತಿ ಇರಲಿ, ಇಂಜಿನ್ ಅಲ್ಲಾಡುತ್ತದೆ, ಎಳೆದು ಕಟ್ಟಿದ ಹಾಗೆ ಇರಬಾರದು. ಹರಿತ ಬ್ಲೇಡಿನಲ್ಲಿ ಒಂದೇ ಏಟಿಗೆ ನೇರ ಕತ್ತರಿಸಿ. ಹ್ಯಾಕ್ಸಾ ಹಾಕಿದರೆ ರಬ್ಬರ್ ಪುಡಿ ಒಳಗೆ ಉಳಿಯುತ್ತದೆ. ಮೂತಿಗೆ ಒಂದು ಹನಿ ಇಂಜಿನ್ ಆಯಿಲ್ ಸವರಿ, ಹೋಸ್ ಒಂದು ಇಂಚು ಪೂರ್ತಿ ಒಳಗೆ ಹೋಗುವ ತನಕ ತಳ್ಳಿ. ಕ್ಲ್ಯಾಂಪ್ ಉಬ್ಬಿನ ಹಿಂದೆ ಬರಬೇಕು, ಉಬ್ಬಿನ ಮೇಲಲ್ಲ, ಹೋಸಿನ ಕಟ್ಟ ತುದಿಯಲ್ಲೂ ಅಲ್ಲ. ರಬ್ಬರ್ ಸ್ವಲ್ಪ ಅದುಮಿದ ಹಾಗೆ ಕಂಡರೆ ಸಾಕು.

ಹೊಸ ಕಾರುಗಳಲ್ಲಿ ರಬ್ಬರ್ ಹೋಸ್ ಬದಲು ಗಟ್ಟಿ ನೈಲಾನ್ ಪೈಪ್ ಮತ್ತು ಒತ್ತಿ ಬಿಚ್ಚುವ ಕ್ಲಿಪ್ ಇರುತ್ತದೆ. ಆ ಪೈಪನ್ನು ಕತ್ತರಿಸಿ ಮೇಲೆ ರಬ್ಬರ್ ತುರುಕುವುದು ಬಹಳ ಕಡೆ ನೋಡಿದ್ದೇನೆ. ಒಪ್ಪುವ ಕೆಲಸವಲ್ಲ. ಅದಕ್ಕೆ ಕ್ಲಿಪ್‌ಗೇ ಹೊಂದುವ, ಗೇಜ್ ತೂತು ಇರುವ ಅಡಾಪ್ಟರ್ ಸಿಗುತ್ತದೆ, ಅದನ್ನೇ ತರಿಸಿಕೊಳ್ಳಿ.

ಸೆನ್ಸರನ್ನು ಟೀ ಮೇಲೆ ನೇರ ಕೂರಿಸುವ ಆಸೆ ಎಲ್ಲರಿಗೂ ಆಗುತ್ತದೆ. ಸೆನ್ಸರ್ ಭಾರ, ಇಂಜಿನ್ ನಡುಕ, ನಮ್ಮ ರಸ್ತೆ. ಇಷ್ಟು ಸೇರಿದರೆ ಹಿತ್ತಾಳೆಯ ಸಣ್ಣ ಕುತ್ತಿಗೆ ಒಂದು ದಿನ ಬಿರುಕು ಬಿಡುತ್ತದೆ, ಬಿರುಕು ಬಿಡುವ ಜಾಗ ಎಕ್ಸಾಸ್ಟ್ ಹತ್ತಿರವೇ ಇರುತ್ತದೆ. ಆದ್ದರಿಂದ ಟೀಯಿಂದ ಸ್ಟೀಲ್ ಹೆಣೆದ ಹೋಸ್ ತಂದು, ಫೈರ್‌ವಾಲ್ (ಇಂಜಿನ್ನಿಗೂ ಕ್ಯಾಬಿನ್ನಿಗೂ ನಡುವಿನ ತಗಡಿನ ಗೋಡೆ) ಮೇಲೆ ಸಣ್ಣ ಬ್ರಾಕೆಟ್ ಹಾಕಿ, ಸೆನ್ಸರನ್ನು ಅಲ್ಲಿ ಗಟ್ಟಿ ಕಟ್ಟಿ. ಸ್ಟೀಲ್ ಹೆಣಿಗೆ ಗರಗಸದ ಥರ, ತಾಗಿದ್ದನ್ನೆಲ್ಲ ಸವೆಸುತ್ತದೆ, ಬೇರೆ ಪೈಪಿಗೆ ವೈರಿಗೆ ತಾಗದ ಹಾಗೆ ಕ್ಲಿಪ್ ಹಾಕಿ.

ಓರೆ ಥ್ರೆಡ್ಡಿಗೆ, ಅಂದರೆ ಎನ್‌ಪಿಟಿಗೆ, ದ್ರವ ಸೀಲಂಟ್ ಸವರಿ. ಮೊದಲ ಒಂದೆರಡು ಸುತ್ತು ಖಾಲಿ ಬಿಡಿ, ಒಳಗೆ ಹೋಗಬಾರದು. ಕೈಯಲ್ಲಿ ಬಿಗಿಯಾದ ಮೇಲೆ ಸ್ಪ್ಯಾನರಿನಲ್ಲಿ ಒಂದೂವರೆಯಿಂದ ಎರಡು ಸುತ್ತು, ಅಷ್ಟೇ. ನಲ್ಲಿಗೆ ಸುತ್ತುವ ಬಿಳಿ ಟೇಪ್ ಬೇಡ, ಅದರ ಎಳೆ ಹರಿದು ಇಂಜೆಕ್ಟರಿಗೆ ಹೋಗುತ್ತದೆ. ಒಂದೇ ವೈರಿನ ಸೆನ್ಸರ್ ಆದರೆ ಅದಕ್ಕೆ ಅರ್ಥ್ ಸಿಗುವುದು ಮೈಯಿಂದಲೇ, ಟೇಪ್ ಸುತ್ತಿದರೆ ಅದೂ ಕಟ್, ಹೋಸಿನ ಮೇಲೆ ದೂರ ಇಟ್ಟರೂ ಬೇರೆ ಅರ್ಥ್ ವೈರ್ ಕೊಡಬೇಕು.

ವೈರಿಂಗ್

ಮೂರು ವೈರಿನ ಸೆನ್ಸರ್ ಇದ್ದರೆ ಸುಲಭ: 5 ವೋಲ್ಟ್, ಅರ್ಥ್, ಸಿಗ್ನಲ್. ಮೂರೂ ಗೇಜಿನಿಂದಲೇ ಬರುತ್ತವೆ. ಸೆನ್ಸರಿನ ಅರ್ಥನ್ನು ಬಾಡಿಗೆ ಕೊಡದೆ ಗೇಜಿನ ಅರ್ಥಿಗೇ ಕೊಡಿ, ಇಲ್ಲದಿದ್ದರೆ ಹೆಡ್‌ಲೈಟ್ ಹಾಕಿದಾಗ ಮುಳ್ಳು ಕುಣಿಯುತ್ತದೆ. ಗೇಜಿಗೆ ಕರೆಂಟು ಕೀ ಆನ್ ಮಾಡಿದಾಗ ಮಾತ್ರ ಬರುವ ಫ್ಯೂಸಿನಿಂದ. ಗೇಜಿನ ದೀಪದ ವೈರ್ ಪಾರ್ಕಿಂಗ್ ಲೈಟಿಗೆ.

ವೈರ್ ಒಳಗೆ ತರಲು ಫೈರ್‌ವಾಲಿನಲ್ಲಿ ಹೊಸ ತೂತು ಕೊರೆಯಬೇಡಿ, ಇರುವ ರಬ್ಬರ್ ಗ್ರಾಮೆಟ್ಟಿನಲ್ಲೇ ತೂರಿಸಿ. ಒಳಗೆ ಹೋಗುವ ಮೊದಲು ವೈರ್ ಒಂದು ಜೋಲು ಬಿಟ್ಟು ಕೆಳಗಿಳಿದು ಮೇಲೆ ಹೋಗಲಿ. ಶಿರಸಿ ಮಳೆಗೆ ಇದು ಮುಖ್ಯ, ನೀರು ವೈರ್ ಹಿಡಿದುಕೊಂಡೇ ಕ್ಯಾಬಿನ್ನಿಗೆ ಬರುತ್ತದೆ. ನನ್ನ ಮ್ಯಾಟ್ ಒಂದು ಆಷಾಢ ಪೂರ್ತಿ ಒದ್ದೆ ಇತ್ತು, ಕಾರಣ ಇದೇ.

ಸೋರಿಕೆ ನೋಡುವುದು

ಬ್ಯಾಟರಿ ಹಚ್ಚಿ, ಫ್ಯೂಸ್ ವಾಪಸ್ ಹಾಕಿ. ಸ್ಟಾರ್ಟ್ ಮಾಡಬೇಡಿ. ಕೀ ಆನ್ ಮಾಡಿದರೆ ಹಿಂದಿನ ಸೀಟಿನ ಕೆಳಗಿಂದ ಎರಡು ಮೂರು ಸೆಕೆಂಡ್ 'ಗುಂಯ್' ಅಂತ ಪಂಪಿನ ಸದ್ದು ಬರುತ್ತದೆ. ಆಫ್ ಮಾಡಿ, ಮತ್ತೆ ಆನ್. ನಾಲ್ಕೈದು ಸಲ. ಪಕ್ಕದ ಮನೆ ಮಾಣಿಯನ್ನು ಕೀ ಹತ್ತಿರ ಕೂರಿಸಿ ನಾನು ಟಾರ್ಚ್ ಹಿಡಿದು ಬಾನೆಟ್ ಹತ್ತಿರ ನಿಂತಿದ್ದೆ. ಪ್ರತಿ ಜಾಯಿಂಟಿನ ಸುತ್ತ ಒಣ ಟಿಶ್ಯೂ ಪೇಪರ್ ಒತ್ತಿ ನೋಡಿ, ಕಣ್ಣಿಗೆ ಕಾಣದ ತೇವ ಪೇಪರಿನಲ್ಲಿ ಕಲೆಯಾಗಿ ಕಾಣುತ್ತದೆ. ಕಲೆ ಕಂಡರೆ 'ಸ್ವಲ್ಪ ತಾನೇ' ಅನ್ನುವ ಮಾತಿಲ್ಲ, ಒತ್ತಡ ಇಳಿಸಿ ಬಿಚ್ಚಿ ಮತ್ತೆ ಕೂರಿಸಿ. ಎಲ್ಲ ಒಣಗಿದ್ದರೆ ಸ್ಟಾರ್ಟ್ ಮಾಡಿ ಹತ್ತು ನಿಮಿಷ ಓಡಿಸಿ, ಮತ್ತೆ ಪೇಪರ್.

ಗೇಜ್ ಹೇಳುವುದು ನಿಜವೋ ಅಂತ ಅನುಮಾನ ಬಂದರೆ ಮಲ್ಟಿಮೀಟರಿನಲ್ಲಿ ಸಿಗ್ನಲ್ ವೈರ್ ನೋಡಿ. 0ರಿಂದ 7 ಬಾರಿನ ಸೆನ್ಸರ್ ಸಾಮಾನ್ಯವಾಗಿ ಸೊನ್ನೆ ಒತ್ತಡಕ್ಕೆ 0.5 ವೋಲ್ಟ್, ಪೂರ್ತಿ ಒತ್ತಡಕ್ಕೆ 4.5 ವೋಲ್ಟ್ ಕೊಡುತ್ತದೆ. ಆ ಲೆಕ್ಕದಲ್ಲಿ 3 ಬಾರಿಗೆ ಸುಮಾರು 2.2 ವೋಲ್ಟ್ ಬರಬೇಕು.

ಮುಳ್ಳು ಓದುವುದು

ನಿಮ್ಮ ಕಾರಿನ ಸರಿಯಾದ ಅಂಕಿ ಸರ್ವಿಸ್ ಮ್ಯಾನ್ಯುಯಲಿನಲ್ಲಿದೆ, ಅದೇ ಕೊನೆ ಮಾತು. ನನ್ನಂಥ ರಿಟರ್ನ್ ಇರುವ ಕಾರಿನಲ್ಲಿ ಇಂಜಿನ್ ಆಫ್, ಪಂಪ್ ಆನ್ ಇದ್ದಾಗ ಹೆಚ್ಚುಕಡಿಮೆ 3 ಬಾರ್. ಐಡಲ್‌ನಲ್ಲಿ ವ್ಯಾಕ್ಯೂಮ್ ರೆಗ್ಯುಲೇಟರನ್ನು ಎಳೆದು ಹಿಡಿಯುವುದರಿಂದ ಅರ್ಧ ಬಾರ್ ಕಡಿಮೆ. ರೆಗ್ಯುಲೇಟರಿನ ಆ ಸಣ್ಣ ಪೈಪ್ ಬಿಚ್ಚಿ ಬೆರಳಲ್ಲಿ ಮುಚ್ಚಿದರೆ ಮುಳ್ಳು ತಟ್ಟನೆ ಅರ್ಧ ಬಾರ್ ಏರಬೇಕು. ಏರದಿದ್ದರೆ ರೆಗ್ಯುಲೇಟರ್ ನೋಡಿ. ಆ ಪೈಪಿನ ಒಳಗೆ ಪೆಟ್ರೋಲ್ ಹಸಿ ಇದ್ದರೆ ನೋಡುವುದೇನೂ ಇಲ್ಲ, ಒಳಗಿನ ಪೊರೆ ಹರಿದಿದೆ.

ಕಾರು ಬಂದ್ ಮಾಡಿದ ಮೇಲೂ ಕೀ ಆನ್ ಇಟ್ಟು ಮುಳ್ಳು ನೋಡಿ. ನಿಧಾನ ಇಳಿದರೆ ಸರಿ. ಒಂದೇ ನಿಮಿಷದಲ್ಲಿ ಸೊನ್ನೆಗೆ ಬಿದ್ದರೆ ಪಂಪಿನ ಒಳಗಿನ ವಾಲ್ವ್, ರೆಗ್ಯುಲೇಟರ್ ಅಥವಾ ಇಂಜೆಕ್ಟರ್, ಈ ಮೂರರಲ್ಲಿ ಯಾವುದೋ ಸೋರುತ್ತಿದೆ. ಬೆಳಿಗ್ಗೆ ಎರಡು ಮೂರು ಸೆಲ್ಫ್ ಹೊಡೆದರೆ ಮಾತ್ರ ಸ್ಟಾರ್ಟ್ ಆಗುವ ಕಾರುಗಳ ಕಥೆ ಬಹಳ ಸಲ ಇದೇ.

ಈಗ ಘಾಟಿ. ಪೂರ್ತಿ ತುಳಿದಾಗ ವ್ಯಾಕ್ಯೂಮ್ ಹೋಗಿಬಿಡುತ್ತದೆ, ಆದ್ದರಿಂದ ರಿಟರ್ನ್ ಇರುವ ಕಾರಿನಲ್ಲಿ ಮುಳ್ಳು *ಮೇಲೆ* ಹೋಗಿ 3ರ ಹತ್ತಿರ ನಿಲ್ಲಬೇಕು. ರಿಟರ್ನ್ ಇಲ್ಲದ ಕಾರಿನಲ್ಲಿ ಸಾಮಾನ್ಯವಾಗಿ ಅಲ್ಲಾಡದೆ ಒಂದೇ ಕಡೆ ಇರಬೇಕು. ನೋಡುವ ಕೆಲಸ ಪಕ್ಕದ ಸೀಟಿನವರದ್ದು, ನಿಮ್ಮದಲ್ಲ, ದೇವಿಮನೆ ತಿರುವಿನಲ್ಲಿ ಕಣ್ಣು ರಸ್ತೆ ಮೇಲೇ ಇರಲಿ. ನನ್ನ ಕಾರಿನಲ್ಲಿ ಮಾಣಿ ಜೋರಾಗಿ ಓದುತ್ತಾ ಬಂದ. ಮೂರನೇ ಗೇರಿನಲ್ಲಿ ತುಳಿದ ಕೂಡಲೇ 'ಎರಡು ಪಾಯಿಂಟ್ ಎಂಟು' ಅಂದ. ಐದಾರು ಸೆಕೆಂಡ್ ನಿಂತಿತು. 'ಎರಡು ಪಾಯಿಂಟ್ ನಾಲ್ಕು... ಎರಡು... ಒಂದು ಪಾಯಿಂಟ್ ಎಂಟು' ಅನ್ನುವಷ್ಟರಲ್ಲಿ ಕಾರಿಗೆ ಉಬ್ಬಸ ಹತ್ತಿತ್ತು. ಕಾಲು ಸಡಿಲಿಸಿದೆ, ಮುಳ್ಳು ಮತ್ತೆ ಏರಿತು. ಗ್ಯಾರೇಜಿನಲ್ಲಿ ಕಂಡ 2.4 ಇದನ್ನು ಯಾವತ್ತೂ ಹೇಳುತ್ತಿರಲಿಲ್ಲ.

ಹೀಗೆ ಬಿದ್ದರೆ ತಕ್ಷಣ ಪಂಪ್ ಬದಲಿಸಬೇಡಿ. ಮೊದಲು ಪಂಪಿನ ಕನೆಕ್ಟರಿನಲ್ಲಿ ಇಂಜಿನ್ ಓಡುವಾಗ ವೋಲ್ಟೇಜ್ ಅಳೆಯಿರಿ. ಬ್ಯಾಟರಿಯಲ್ಲಿ 14 ಇದ್ದು ಅಲ್ಲಿ 11 ಬಂದರೆ ತುಕ್ಕು ಹಿಡಿದ ಅರ್ಥ್ ಅಥವಾ ಸುಟ್ಟ ಕನೆಕ್ಟರ್, ಕರಾವಳಿಯ ಕಾರುಗಳಲ್ಲಿ ಇದನ್ನೇ ಮೊದಲು ಅನುಮಾನಿಸಬೇಕು. ಆಮೇಲೆ ಫಿಲ್ಟರ್. ಆಮೇಲೆ ಟ್ಯಾಂಕಿನೊಳಗೆ ಪಂಪಿನ ಕಾಲಿಗೆ ಇರುವ ಜಾಳಿಗೆ. ಕೊನೆಗೆ ಪಂಪ್. ನನ್ನದರಲ್ಲಿ ಜಾಳಿಗೆಯೇ ಆಗಿತ್ತು. ಹೊರಗೆ ತೆಗೆದರೆ ಗೊಜ್ಜಿನ ಹಾಗೆ ಕಪ್ಪು ಲೋಳೆ ಮೆತ್ತಿಕೊಂಡಿತ್ತು, ಬಟ್ಟೆಯ ಬಣ್ಣವೇ ಕಾಣುತ್ತಿರಲಿಲ್ಲ. ಅದೊಂದು ಬದಲಾಯಿತು, ಪಂಪ್ ಹಳೆಯದೇ ಇದೆ.

ಮತ್ತೆ ಘಾಟಿ ಹತ್ತಿದೆವು. ಮಾಣಿಗೆ ಓದಲು ಏನೂ ಇರಲಿಲ್ಲ, 'ಎರಡು ಪಾಯಿಂಟ್ ಒಂಬತ್ತು' ಅಂತ ನಾಲ್ಕು ಸಲ ಹೇಳಿ ಬೇಜಾರಾಗಿ ಕಿಟಕಿ ನೋಡುತ್ತಾ ಕೂತ. ಮೇಲೆ ದೇವಿಮನೆ ಗುಡಿ ಹತ್ತಿರ ನಿಲ್ಲಿಸಿ, ಇಂಜಿನ್ ಬಿಸಿ ಇರುವಾಗಲೇ ಬಾನೆಟ್ ಎತ್ತಿ ಇನ್ನೊಮ್ಮೆ ಪೇಪರ್ ಒತ್ತಿ ನೋಡಿದೆ. ಇದನ್ನು ನೀವೂ ಬಿಡಬೇಡಿ, ತಣ್ಣಗಿದ್ದಾಗ ಸೋರದ ಜಾಯಿಂಟ್ ಬಿಸಿಯಾದಾಗ ಸೋರಬಹುದು. ಟೀಯ ರೈಲ್ ಕಡೆಯ ಕ್ಲ್ಯಾಂಪ್ ಹತ್ತಿರ ಸಾಸಿವೆ ಕಾಳಿನಷ್ಟು ಕಲೆ ಬಂತು. ಅಲ್ಲೇ ಇಂಜಿನ್ ಬಂದ್ ಮಾಡಿ, ಪೂರ್ತಿ ತಣಿಯಲು ಬಿಟ್ಟು, ಕ್ಲ್ಯಾಂಪಿಗೆ ಕಾಲು ಸುತ್ತು ಕೊಟ್ಟೆ. ನೂರು ಕಿಲೋಮೀಟರ್ ಆದ ಮೇಲೆ ಮತ್ತೆ ನೋಡಿದಾಗ ಪೇಪರ್ ಒಣಗಿಯೇ ಇತ್ತು.